ಮೋಗ್‌ಗೆ ಲಕ್ಷ, ಶ್ರುತಿಪೆಟ್ಟಿಗೆಗೆ ನೂರೈವತ್ತು

ಶುರುವಿನಲ್ಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ಸಿಟ್ಟಿನಲ್ಲಿ ಬರೆದದ್ದು. ನಮ್ಮ ಆಫೀಸಿನಲ್ಲಿ ಒಬ್ಬ ಗೆಳೆಯನಿದ್ದಾನೆ, ವಿಜಯನಗರದವನು. ಹಳೇ ಅನಲಾಗ್ ಸಿಂಥಸೈಜರ್ ಹುಚ್ಚು. ರೋಲ್ಯಾಂಡ್ ಕಂಪನಿಯ ಜೂನೋ-106 ಅಂತ 1984ರಲ್ಲಿ ಬಂದ ಕೀಬೋರ್ಡ್ ಒಂದನ್ನು ಜಪಾನಿನಿಂದ ತರಿಸಬೇಕು ಅಂತ ಆರು ತಿಂಗಳಿಂದ ಒದ್ದಾಡ್ತಾ ಇದ್ದಾನೆ. ವಾದ್ಯದ ಬೆಲೆ, ಸಾಗಾಣಿಕೆ, ಕಸ್ಟಮ್ಸ್ ಎಲ್ಲಾ ಸೇರಿದರೆ ಲಕ್ಷ ದಾಟಿ ಎಷ್ಟೋ ಮುಂದೆ ಹೋಗುತ್ತದೆ. ಹೋಗಲಿ ಬಿಡಿ, ಅವನ ದುಡ್ಡು, ಅವನ ಖುಷಿ. ಆದರೆ ಅದೇ ಹೊತ್ತಿಗೆ ಅವರ ಮನೆಯ ಅಟ್ಟ ಖಾಲಿ ಮಾಡಿದರು. ಅವರಜ್ಜಿ ಬೀದಿಯ ಮಕ್ಕಳಿಗೆಲ್ಲ ಸರಳೆ-ಜಂಟಿವರಸೆ ಹೇಳಿಕೊಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಹಳೇ ಪೇಪರು ಮತ್ತು ಕೆಟ್ಟ ಮಿಕ್ಸಿಯ ಜೊತೆ ಗುಜರಿಯವನ ಗಾಡಿ ಹತ್ತಿತು. "ಯಾಕೋ ಕೊಟ್ಟೆ ಅದನ್ನ?" ಅಂದ್ರೆ, "ಆಪ್ ಇದೆಯಲ್ಲೋ!" ಅಂದ.

ನನ್ನ ವಾದ ಇಷ್ಟೇ. ಅವನು ಲಕ್ಷ ಕೊಟ್ಟು ಹುಡುಕುತ್ತಿರುವ ವಸ್ತುವಿನ ಖಾಸಾ ಚಿಕ್ಕಪ್ಪನ ಮಗನನ್ನೇ ಕೆಜಿ ಲೆಕ್ಕದಲ್ಲಿ ಮಾರಿದ. ಇದನ್ನು ಕೇಳಿ ಅವನು ನಕ್ಕ. ನೀವೂ ನಗಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ನಗಿ :-)

ಗೊತ್ತಿಲ್ಲದವರಿಗೆ ಎರಡು ಮಾತು. ಅನಲಾಗ್ ಸಿಂಥಸೈಜರ್ ಅಂದರೆ ಒಳಗೆ ರೆಕಾರ್ಡ್ ಮಾಡಿಟ್ಟ ಯಾವ ದನಿಯೂ ಇರುವುದಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ಹುಟ್ಟಿಸುವ ದನಿಯೂ ಅಲ್ಲ. ಟ್ರಾನ್ಸಿಸ್ಟರ್, ಕೆಪಾಸಿಟರ್, ರೆಸಿಸ್ಟರ್ ಸೇರಿ ಒಂದು ಆಸಿಲೇಟರ್ ಆಗುತ್ತದೆ. ಕೆಪಾಸಿಟರ್ ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ಇನ್ನೂರು-ಮುನ್ನೂರು ಸಲ ಹೀಗಾದರೆ ನಮ್ಮ ಕಿವಿಗೆ ಅದೊಂದು ಸ್ವರ. ಹುಟ್ಟಿದಾಗ ಆ ದನಿ ತುಂಬಾ ಒರಟು, ಜೀರುಂಡೆ ಹಾಗೆ. ಅದನ್ನು ಫಿಲ್ಟರ್ ಅನ್ನುವ ಜರಡಿಯಲ್ಲಿ ಸಾಣಿಸಿ, ಯಾವಾಗ ಏರಬೇಕು ಯಾವಾಗ ಇಳಿಯಬೇಕು ಅಂತ ಇನ್ನೊಂದು ಸರ್ಕ್ಯೂಟಿನಿಂದ ಹೇಳಿಸಿದರೆ ಸಂಗೀತಕ್ಕೆ ಒಗ್ಗುತ್ತದೆ. ಇಷ್ಟೇ ಗುಟ್ಟು. ಇಂಜಿನಿಯರಿಂಗ್ ಓದಿದವರೆಲ್ಲ ಅನಲಾಗ್ ಲ್ಯಾಬಿನಲ್ಲಿ ಆಸಿಲೇಟರ್ ಕಟ್ಟಿದವರೇ. ಸಿಆರ್‌ಓ ಪರದೆಯ ಮೇಲೆ ಅಲೆ ಬಂದ ಕೂಡಲೇ ಮೇಡಂ ಹತ್ತಿರ ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಓಡಿದವರು ನಾವು. ಅದಕ್ಕೊಂದು ಸ್ಪೀಕರ್ ಜೋಡಿಸಿ ಕೇಳಿ ಅಂತ ಯಾರೂ ಹೇಳಲಿಲ್ಲ. ನಮ್ಮ ಶಿಕ್ಷಣದ ಮೇಲೆ ನನಗಿರುವ ದೊಡ್ಡ ತಕರಾರು ಇದೇ, ಆದರೆ ಅದು ಬೇರೆ ಪೋಸ್ಟು.

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಇಂಥ ಸರ್ಕ್ಯೂಟುಗಳನ್ನು ಒಟ್ಟುಗೂಡಿಸಿ ವಾದ್ಯದ ರೂಪ ಕೊಟ್ಟ. (ಅವನ ಹೆಸರು ಮೋಗ್, ನಮ್ಮವರು ಹೆಚ್ಚಿನವರು ಮೂಗು ಅಂತಾರೆ. ಉಚ್ಚಾರ ತಿದ್ದಲು ಹೋಗಿ ನಾನೇ ಸೋತಿದ್ದೇನೆ.) ಗೋಡೆ ತುಂಬುವಷ್ಟಿದ್ದ ಆ ಯಂತ್ರ 1970ರಲ್ಲಿ ಕಂಕುಳಲ್ಲಿ ಹೊತ್ತೊಯ್ಯುವಂಥ ಮಿನಿಮೋಗ್ ಆಯಿತು. ಆಮೇಲೆ ಜಪಾನಿನ ರೋಲ್ಯಾಂಡ್, ಕೋರ್ಗ್, ಯಮಹಾ ಎಲ್ಲಾ ಬಂದವು. 1983ರಲ್ಲಿ ಯಮಹಾದ ಡಿಎಕ್ಸ್7 ಅನ್ನುವ ಡಿಜಿಟಲ್ ಕೀಬೋರ್ಡ್ ಬಂದದ್ದೇ ತಡ, ಅನಲಾಗ್‌ನವರ ಅಂಗಡಿ ಮುಚ್ಚಿತು. ಶ್ರುತಿ ಕದಲುವುದಿಲ್ಲ, ಭಾರ ಕಡಿಮೆ, ಪಿಯಾನೋ-ಗಂಟೆ-ಕೊಳಲು ಎಲ್ಲ ಬರುತ್ತದೆ. ಹಳೇದನ್ನು ಯಾರು ಕೇಳ್ತಾರೆ? ಅನಲಾಗ್ ಯಂತ್ರಗಳು ಗಿರವಿ ಅಂಗಡಿ ಸೇರಿದವು.

ಇಲ್ಲಿಂದ ಮುಂದಿನ ಕಥೆ ನನಗೆ ತುಂಬಾ ಮುಖ್ಯ. ರೋಲ್ಯಾಂಡ್‌ನ ಟಿಬಿ-303 ಅಂತ ಒಂದು ಬೆಳ್ಳಿ ಬಣ್ಣದ ಡಬ್ಬಿ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವರಿಗೆ ಬೇಸ್ ಗಿಟಾರ್ ಜೊತೆ ಕೊಡಲಿ ಅಂತ 1981ರ ಸುಮಾರಿಗೆ ಮಾಡಿದ್ದು. ಬೇಸ್ ಗಿಟಾರಿನ ದನಿ ಅದಕ್ಕೆ ಬರಲೇ ಇಲ್ಲ, ಮಾರಾಟವೂ ಆಗಲಿಲ್ಲ, 1984ಕ್ಕೆಲ್ಲ ಕಂಪನಿ ಕೈತೊಳೆದುಕೊಂಡಿತು. ಸೆಕೆಂಡ್ ಹ್ಯಾಂಡಿನಲ್ಲಿ ಕವಡೆ ಕಾಸಿಗೆ ಬಿದ್ದಿದ್ದ ಅದನ್ನು ಶಿಕಾಗೋದ ಕೈಯಲ್ಲಿ ಕಾಸಿಲ್ಲದ ಹುಡುಗರು ಎತ್ತಿಕೊಂಡು, ಮಾಡಬಾರದ ಹಾಗೆ ಗುಂಡಿಗಳನ್ನೆಲ್ಲ ತಿರುಗಿಸಿದರು. 1987ರಲ್ಲಿ ಫ್ಯೂಚರ್ ಅನ್ನುವ ಗುಂಪಿನ ಆಸಿಡ್ ಟ್ರ್ಯಾಕ್ಸ್ ಬಂತು, ಒಂದು ಹೊಸ ಸಂಗೀತ ಪ್ರಕಾರವೇ ಹುಟ್ಟಿತು. ಇವತ್ತು ಅದೇ ಡಬ್ಬಿಗೆ ಲಕ್ಷಗಳಲ್ಲಿ ಬೆಲೆ. ಗಮನಿಸಿ, ಬೆಲೆ ಬಂದದ್ದು ಹಳೇದಾಯಿತು ಅಂತ ಅಲ್ಲ. ಯಾರೋ ಗುಜರಿಯಿಂದ ಎತ್ತಿ ನುಡಿಸಿದರು ಅಂತ.

ನಮ್ಮಲ್ಲಿ ಏನಾಯಿತು? ಅನಲಾಗ್ ಸಿಂಥಸೈಜರ್ ಅನ್ನೋದು ನಮ್ಮ ಕಡೆಯ ಜನಕ್ಕೆ ಹೆಚ್ಚು ಕಡಿಮೆ ಬರಲೇ ಇಲ್ಲ. 1991ಕ್ಕೆ ಮೊದಲಿನ ಕಾಲ. ಆಮದು ಸುಂಕ, ಲೈಸೆನ್ಸು. ಸಿನಿಮಾ ಸ್ಟುಡಿಯೋದವರು, ವಿದೇಶಕ್ಕೆ ಹೋಗಿ ಬರುವವರು ಮಾತ್ರ ತರಿಸಿಕೊಳ್ಳಬಹುದಾಗಿತ್ತು. ಮುಂಬೈನ ಚರಣ್‌ಜಿತ್ ಸಿಂಗ್ ಅನ್ನುವ ಸಿನಿಮಾ ವಾದ್ಯಗಾರರು ಜುಪಿಟರ್-8, ಟಿಬಿ-303, ಟಿಆರ್-808 ಮೂರನ್ನೂ ಇಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ತಂದರು. ಆಸಿಡ್ ಟ್ರ್ಯಾಕ್ಸ್‌ಗಿಂತ 5 ವರ್ಷ ಮೊದಲು! ಯಾರೂ ಕೊಳ್ಳಲಿಲ್ಲ. ಹಾಲೆಂಡಿನ ಒಬ್ಬ ರೆಕಾರ್ಡ್ ಸಂಗ್ರಾಹಕನಿಗೆ ಅದು ಸಿಕ್ಕಿ, 2010ರಲ್ಲಿ ಮರುಮುದ್ರಣವಾದ ಮೇಲೆ ನಮ್ಮ ಪೇಪರಿನವರು ಅವರನ್ನು ಹುಡುಕಿಕೊಂಡು ಹೋದರು. 2015ರಲ್ಲಿ ಅವರು ತೀರಿಕೊಂಡರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯದೂ ಇದೇ ಹಣೆಬರಹ. 1969ರಲ್ಲೇ ಅಲ್ಲಿ ಮೋಗ್ ಯಂತ್ರ ಬಂದು ಕೂತಿತ್ತು, ಡೇವಿಡ್ ಟ್ಯೂಡರ್ ಅನ್ನುವ ಅಮೆರಿಕದ ಸಂಗೀತಗಾರ ಸ್ಟುಡಿಯೋ ಸಿದ್ಧ ಮಾಡಿಕೊಟ್ಟಿದ್ದ, ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅದರಲ್ಲಿ ಕೆಲಸ ಮಾಡಿದ್ದರು. ಆ ಟೇಪುಗಳು ದಶಕಗಟ್ಟಲೆ ಧೂಳು ತಿಂದು, ಬ್ರಿಟನ್ನಿನ ಪಾಲ್ ಪುರ್ಗಾಸ್ ಹುಡುಕಿ ತೆಗೆದ ಮೇಲೆ 2023ರಲ್ಲಿ ಹೊರಬಂದವು. ನಮ್ಮ ಅಟ್ಟದ ಮೇಲೆ ಏನಿದೆ ಅಂತ ಹೊರಗಿನವರು ಬಂದು ಹೇಳಬೇಕು ನಮಗೆ.

ಇನ್ನು ನಮ್ಮ ರಾಜಾಜಿನಗರ, ಬಸವೇಶ್ವರನಗರದ ಕಡೆ ಕೀಬೋರ್ಡ್ ಅಂದರೆ ಆರ್ಕೆಸ್ಟ್ರಾ. ಗಣೇಶನ ಪೆಂಡಾಲು, ಅಣ್ಣಮ್ಮನ ಉತ್ಸವ, ನವೆಂಬರ್ ತುಂಬಾ ರಾಜ್ಯೋತ್ಸವ. 1987ರಲ್ಲಿ ಹಂಸಲೇಖರ ಪ್ರೇಮಲೋಕ ಬಂದ ಮೇಲಂತೂ ಕೀಬೋರ್ಡ್ ಇಲ್ಲದ ವೇದಿಕೆ ವೇದಿಕೆಯೇ ಅಲ್ಲ ಅನ್ನುವ ಹಾಗಾಯಿತಂತೆ, ಹಿರಿಯರು ಹೇಳ್ತಾರೆ. ನಾನು ಚಿಕ್ಕವನಿದ್ದಾಗ ಪೆಂಡಾಲಿನಲ್ಲಿ ಗಾಯಕರಿಗಿಂತ ಕೀಬೋರ್ಡಿನವರನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಒಂದೇ ಮನುಷ್ಯ ಕೊಳಲು, ಪಿಟೀಲು, ಶಹನಾಯಿ, ನಡುವೆ ಸಿಡಿಲಿನ ಶಬ್ದ. ಆದರೆ ಅವೆಲ್ಲ ಡಿಜಿಟಲ್ ವಾದ್ಯಗಳು, ನಿಜವಾದ ವಾದ್ಯದ ದನಿಯನ್ನು ಚಿಪ್ಪಿನಲ್ಲಿ ತುಂಬಿ ತರುವಂಥವು. ಅವುಗಳ ಮೇಲೆ ನನಗೆ ಕೋಪವಿಲ್ಲ, ಎಷ್ಟೋ ಮನೆಗಳಿಗೆ ಅನ್ನ ಹಾಕಿವೆ. ಕೋಪ ಇರುವುದು, ಈಗ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ಅವನ್ನೇ "ವಿಂಟೇಜ್ ಅನಲಾಗ್" ಅಂತ ಬರೆದು ಮಾರುವವರ ಮೇಲೆ. 1988ರ ಕೋರ್ಗ್ ಎಂ1 ಒಳ್ಳೆಯ ವಾದ್ಯ, ಹಳೇದು ಕೂಡ, ಆದರೆ ಅನಲಾಗ್ ಅಲ್ಲ. ಡಿಎಕ್ಸ್7 ಅನಲಾಗ್ ಅಲ್ಲ. ಇನ್ನು ಜೂನೋ ಅನ್ನುವ ಹೆಸರಂತೂ ದೊಡ್ಡ ಬಲೆ. 1982ರ ಜೂನೋ-6, ಜೂನೋ-60, 1984ರ ಜೂನೋ-106, ಇವು ಅನಲಾಗ್. 2004ರ ನಂತರ ರೋಲ್ಯಾಂಡ್ ಅದೇ ಹೆಸರು ಇಟ್ಟು ತಂದ ಜೂನೋ-ಡಿ, ಜೂನೋ-ಜಿ, ಜೂನೋ-ಡಿಐ, ಜೂನೋ-ಡಿಎಸ್ ಎಲ್ಲಾ ಡಿಜಿಟಲ್. ಆರ್ಕೆಸ್ಟ್ರಾದವರ ಹತ್ತಿರ ಇರುವ ಜೂನೋ ಬಹುತೇಕ ಈ ಎರಡನೇ ಜಾತಿಯದು. ಹೆಸರು ನೋಡಿ ಅಡ್ವಾನ್ಸ್ ಕೊಟ್ಟುಬಿಟ್ಟೀರಿ, ಹುಷಾರು.

ಸರಿ, ಈಗ ಶ್ರುತಿಪೆಟ್ಟಿಗೆಗೆ ಬರೋಣ.

ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಅದನ್ನು ಮಾಡಿದರು ಅನ್ನುವುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಅವರ ರಾಡೆಲ್ ಕಂಪನಿಯ ಹೆಸರು ಕೇಳದ ಸಂಗೀತದ ಮನೆ ಇಲ್ಲ. 1979 ಅಂದರೆ ಟಿಆರ್-808 ಬರುವುದಕ್ಕೆ ಒಂದು ವರ್ಷ ಮುಂಚೆ. ಜಪಾನಿನವರು ಡ್ರಮ್ಮಿನವನ ಬದಲಿಗೆ ಡಬ್ಬಿ ಮಾಡುತ್ತಿದ್ದ ಹೊತ್ತಿನಲ್ಲೇ ಇಲ್ಲಿ ತಂಬೂರಿ ಮೀಟುವವರ ಬದಲಿಗೆ ಡಬ್ಬಿ ತಯಾರಾಗುತ್ತಿತ್ತು. ನಾವು ಮೊದಲನೆಯದನ್ನು ಕ್ರಾಂತಿ ಅಂತೀವಿ, ಎರಡನೆಯದನ್ನು "ಅಜ್ಜಿ ಸಾಮಾನು" ಅಂತೀವಿ.

ಕಾಮಾಕ್ಷಿಪಾಳ್ಯದ ಒಂದು ಗುಜರಿ ಅಂಗಡಿಯಲ್ಲಿ 150 ರೂಪಾಯಿಗೆ ಒಂದು ಹಳೇ ಪೆಟ್ಟಿಗೆ ನನಗೆ ಸಿಕ್ಕಿತು. ಮರದ ಕವಚ, ಮುಂದೆ ಬಟ್ಟೆಯ ಜಾಲರಿ, ಮೇಲೆ ನಾಲ್ಕೈದು ಗುಂಡಿ. ಕಂಪನಿ ಹೆಸರಿನ ತಗಡು ಯಾವಾಗಲೋ ಕಿತ್ತುಹೋಗಿದೆ. ಬಿಚ್ಚಿ ನೋಡಿದರೆ ಒಳಗೆ ಏನಿತ್ತು ಗೊತ್ತಾ? ಷಡ್ಜಕ್ಕೊಂದು ಆಸಿಲೇಟರ್. ಪಂಚಮಕ್ಕೆ ಇನ್ನೊಂದು. ಒರಟು ಅಲೆಯನ್ನು ಮೆದು ಮಾಡಲು ಫಿಲ್ಟರ್. ಪ-ಸ-ಸ-ಸ ಅಂತ ನಾಲ್ಕು ತಂತಿ ಸರದಿಯಲ್ಲಿ ಮೀಟಿದ ಹಾಗೆ ಕೇಳಿಸಲು, ಒಂದೊಂದು ದನಿಯನ್ನು ತಟ್ಟನೆ ಏರಿಸಿ ನಿಧಾನಕ್ಕೆ ಇಳಿಸುವ ಸರ್ಕ್ಯೂಟು. ಆ ಸರದಿಯ ವೇಗಕ್ಕೆ ಒಂದು ಗುಂಡಿ. ಸಿಂಥಸೈಜರ್ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಆಸಿಲೇಟರ್, ಫಿಲ್ಟರ್, ಎನ್ವಲಪ್, ನಾಲ್ಕು ಹೆಜ್ಜೆಯ ಸೀಕ್ವೆನ್ಸರ್. ಇನ್ನೇನು ಬೇಕು ಸ್ವಾಮಿ?

"ಕೀಬೋರ್ಡೇ ಇಲ್ಲವಲ್ಲ!" ಅಂದ ನಮ್ಮ ಗೆಳೆಯ. ಕೀಬೋರ್ಡ್ ಇದ್ದರೆ ಮಾತ್ರ ಸಿಂಥಸೈಜರ್ ಅನ್ನುವ ಹಾಗಿದ್ದರೆ ಡಾನ್ ಬುಕ್ಲಾನನ್ನು ಮನೆಗೆ ಕಳಿಸಬೇಕಾಗುತ್ತದೆ. ಮೋಗ್ ಕಾಲದಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಸಿಂಥಸೈಜರ್ ಕಟ್ಟಿದವನು ಅವನು, ಪಿಯಾನೋ ಕೀಲಿಮಣೆ ಬೇಡವೇ ಬೇಡ ಅಂತ ಹಟ ಹಿಡಿದವನು. ಈಗಿನ ಉದಾಹರಣೆ ಬೇಕಾ? ಲೈರಾ-8 ಅಂತ ರಷ್ಯಾದ ವ್ಲಾದ್ ಕ್ರೈಮರ್ ರೂಪಿಸಿದ ಅನಲಾಗ್ ವಾದ್ಯ 2016ರಿಂದ ಬಹಳ ಹೆಸರು ಮಾಡಿದೆ. ಎಂಟು ಆಸಿಲೇಟರ್, ಒಂದೊಂದಕ್ಕೂ ಬೇರೆ ಬೇರೆ ಶ್ರುತಿ ಗುಂಡಿ, ಮುಟ್ಟಿದರೆ ಗುಂಯ್ ಅಂತ ನಿಂತ ದನಿ. ಅದನ್ನು ಕೊಳ್ಳಲು ಸರದಿ ನಿಲ್ಲುವವರು ನಮ್ಮೂರಿನಲ್ಲೂ ಇದ್ದಾರೆ. ನಿಂತ ದನಿ ಅನ್ನುವುದು ಹೊರಗಿನವರಿಗೆ ಹೊಸ ರುಚಿ, ಅದಕ್ಕೊಂದು ಡ್ರೋನ್ ಸಂಗೀತ ಅಂತ ಹೆಸರು. ಅಮೆರಿಕದಲ್ಲಿ ಆ ದಾರಿ ತುಳಿದವರಲ್ಲಿ ಮುಖ್ಯನಾದ ಲಾ ಮಾಂಟೆ ಯಂಗ್, ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯ. ಬಾವಿಯ ನೀರು ಇಲ್ಲಿಯದೇ, ಬಾಟಲಿ ಮಾತ್ರ ಹೊರಗಿನದು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಬೇಸರ ಮಾಡ್ಕೋಬೇಡಿ, ಸಾಫ್ಟ್‌ವೇರಿನವನ ಚಟ. ಕೀಬೋರ್ಡಿನ ಶ್ರುತಿ ಸಮಾನವಾಗಿ ಹನ್ನೆರಡು ಪಾಲು ಮಾಡಿದ್ದು. ಜಿ-ಶಾರ್ಪ್ ಷಡ್ಜ ಇಟ್ಟುಕೊಂಡರೆ ಅದು 207.65 ಹರ್ಟ್ಜ್. ಪಂಚಮ ಕೀಬೋರ್ಡಿನಲ್ಲಿ 311.13. ನಮ್ಮ ಸಂಗೀತದ ಪಂಚಮ ಷಡ್ಜದ ಒಂದೂವರೆ ಪಟ್ಟು, ಅಂದರೆ 311.48. ಅರ್ಧ ಹರ್ಟ್ಜೂ ವ್ಯತ್ಯಾಸ ಇಲ್ಲ, ಅಷ್ಟಕ್ಕೇನು ಅನ್ನಬಹುದು. ಆದರೆ ಷಡ್ಜದ ಮೂರನೇ ಅನುಸ್ವರವೂ ಪಂಚಮದ ಎರಡನೇ ಅನುಸ್ವರವೂ ಒಂದಕ್ಕೊಂದು ತಾಕುತ್ತವೆ, ಒಂದು 622.95, ಇನ್ನೊಂದು 622.25. ಹೆಚ್ಚು ಕಡಿಮೆ ಒಂದೂವರೆ ಸೆಕೆಂಡಿಗೊಮ್ಮೆ ಒಂದು ಅಲೆ ಎದ್ದು ಬೀಳುತ್ತದೆ. ಸಂಗೀತ ಕಲಿತ ಕಿವಿಗೆ ಅದು ಕಾಲಲ್ಲಿ ಮುಳ್ಳಿದ್ದ ಹಾಗೆ. ಪೆಟ್ಟಿಗೆಯಲ್ಲಿ ಪಂಚಮಕ್ಕೇ ಬೇರೆ ಗುಂಡಿ ಇರುತ್ತದಲ್ಲ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಅಲೆ ನಿಧಾನವಾಗುತ್ತಾ ಆಗುತ್ತಾ ಒಂದು ಕ್ಷಣ ನಿಂತೇ ಹೋಗುತ್ತದೆ. ಆ ಕ್ಷಣಕ್ಕೆ ಕೋಣೆಯೇ ಸ್ವಲ್ಪ ದೊಡ್ಡದಾದ ಹಾಗೆ ಅನ್ನಿಸುತ್ತದೆ. ಆಪ್‌ನಲ್ಲಿ ಇದು ತಾನಾಗೇ ಸರಿಯಾಗಿರುತ್ತದೆ ನಿಜ. ಸರಿ ಮಾಡುವ ಕೆಲಸ ಕಿವಿಯಿಂದ ಕೈತಪ್ಪಿ ಹೋಗಿರುತ್ತದೆ ಅನ್ನುವುದೂ ನಿಜ.

ಹಾರ್ಮೋನಿಯಂ ಬಗ್ಗೆ ನಮ್ಮವರು ಮಾಡಿದ ಜಗಳ ನೆನಪಿಸಿಕೊಳ್ಳಿ. ಅದರ ಮನೆಗಳು ಗಟ್ಟಿ ನಿಂತವು, ಗಮಕ ಬರುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, ಬಾಗಿಲು ತೆರೆಯಲು 1971ರವರೆಗೆ ಕಾಯಿಸಿತು. ಅಷ್ಟು ಮಡಿ ಮಾಡಿದವರ ಮೊಮ್ಮಕ್ಕಳು ನಾವು, ಹಬ್ಬಕ್ಕೆ ಹಾಡುವಾಗ ಮೊಬೈಲ್ ಸ್ಪೀಕರಿನ ಕಿರುಗುಟ್ಟುವ ತಂಬೂರಿಗೆ ತೃಪ್ತರಾಗಿದ್ದೇವೆ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಮಂದ್ರ ಷಡ್ಜ ಹೊರಡುವುದೇ ಕಷ್ಟ. ಆರಿಂಚು ಸ್ಪೀಕರು, ಮರದ ಪೆಟ್ಟಿಗೆ ಅಂತ ಹಳೇ ಕಾಲದವರು ಸುಮ್ಮನೆ ಭಾರ ಹೊರಲಿಲ್ಲ.

ಹಾಗಂತ ಅನಲಾಗ್ ಅಂದರೆ ಅಮೃತ ಅನ್ನುವ ಭಕ್ತರ ಗುಂಪಿನವನೂ ನಾನಲ್ಲ. ಶಾಖಕ್ಕೆ ಅದರ ಶ್ರುತಿ ಕದಲುತ್ತದೆ, ಮಿನಿಮೋಗ್ ಆದರೂ ಅಷ್ಟೆ, ಶ್ರುತಿಪೆಟ್ಟಿಗೆ ಆದರೂ ಅಷ್ಟೆ. ಮಾರ್ಚ್ ತಿಂಗಳ ಮಧ್ಯಾಹ್ನ ಶೀಟಿನ ಮನೆಯಲ್ಲಿ ಅರ್ಧ ಗಂಟೆ ಆನ್ ಮಾಡಿಟ್ಟು ಆಮೇಲೆ ಶ್ರುತಿ ಸೇರಿಸಬೇಕು. ಕರೆಂಟು ಏರಿಳಿದರೆ ಕೆಲವು ಪೆಟ್ಟಿಗೆಗಳ ಷಡ್ಜವೂ ಏರಿಳಿಯುತ್ತದೆ. ನನ್ನ ಪೆಟ್ಟಿಗೆಯ ಪಂಚಮ ಇಪ್ಪತ್ತು ನಿಮಿಷಕ್ಕೊಮ್ಮೆ ಜಾರುತ್ತದೆ, ಕಛೇರಿಗೆ ಯಾರಾದರೂ ಒಯ್ದರೆ ಮೃದಂಗದವರು ಎದ್ದು ಹೋಗುತ್ತಾರೆ! ಪಾಠಕ್ಕೆ, ಕಛೇರಿಗೆ ಡಿಜಿಟಲ್ ತಂಬೂರಿಯೇ ಸರಿ. ಅದೇ ಜಾರುವಿಕೆ ಇನ್ನೊಂದು ಕಡೆ ವರ. ಮುಖ್ಯ ಶ್ರುತಿ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದರೆ ಇಡೀ ತಂಬೂರಿಯೇ ಜಾರುಗಮಕ ತೆಗೆಯುತ್ತದೆ. ಪಂಚಮ ಗುಂಡಿಯನ್ನು ಮಧ್ಯಮದ ಕಡೆ ಎಳೆದು ತಂದು, ವೇಗದ ಗುಂಡಿ ಪೂರ್ತಿ ಏರಿಸಿ, ಹೊರಗಿನಿಂದ ಒಂದು ಎಕೋ ಪೆಡಲ್ ಹಾಕಿ ಕೇಳಿ. ನಮ್ಮಮ್ಮ ಅಡುಗೆಮನೆಯಿಂದ "ಏನೋ ಅದು, ಕೇತು ಗ್ರಹ ಮಾತಾಡ್ದಂಗಿದೆ" ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನ ಯಾವ ರೆಕಾರ್ಡಿಂಗಿಗೂ ಬಂದಿಲ್ಲ.

ಹಾಗಾದರೆ ಈ ಪೆಟ್ಟಿಗೆಗಳಿಗೂ ಲಕ್ಷ ಬೆಲೆ ಬರಲಿ ಅಂತೀಯಾ ಅಂತ ಕೇಳಬೇಡಿ. ಬರಬಾರದು ಅನ್ನುವುದೇ ನನ್ನ ಆಸೆ. ಬೆಲೆ ಏರಿದ ಕೂಡಲೇ ಏನಾಗುತ್ತದೆ ಅಂತ ಟಿಬಿ-303ನಲ್ಲಿ ನೋಡಿದ್ದೇವೆ. ಕಾಸಿಲ್ಲದ ಹುಡುಗರಿಂದ ಹೆಸರು ಪಡೆದ ವಾದ್ಯ ಈಗ ಕಾಸಿಲ್ಲದ ಹುಡುಗರ ಕೈಗೆ ಸಿಗುವುದಿಲ್ಲ. ಗಾಜಿನ ಕಪಾಟಿನಲ್ಲಿ ಕೂತಿದೆ. 2019ರಲ್ಲಿ ಬೆರಿಂಗರ್ ಕಂಪನಿ ಅದರ ಅಗ್ಗದ ನಕಲು ತಂದಾಗ ಕಪಾಟಿನ ಒಡೆಯರು ಮಾಡಿದ ಗಲಾಟೆ ನೋಡಬೇಕಿತ್ತು. ನಕಲು ಮಾಡುವ ನೀತಿಯ ಬಗ್ಗೆ ನನಗೂ ತಕರಾರಿದೆ. ಆದರೆ ಒಬ್ಬ ಹುಡುಗ ಕೆಂಗೇರಿಯ ತನ್ನ ರೂಮಿನಲ್ಲಿ ಕೂತು ಆ ದನಿ ಹೊರಡಿಸಬಹುದು ಅನ್ನುವುದಾದರೆ ನಾನು ನಕಲಿನ ಕಡೆಗೇ.

ನನಗೆ ಚಿಂತೆ ಇರುವುದು ಬೆಲೆಯದಲ್ಲ, ರಿಪೇರಿಯದು. ಮಾಗಡಿ ರಸ್ತೆಯ ಒಳದಾರಿಯೊಂದರಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ನನ್ನ ಪೆಟ್ಟಿಗೆಯಲ್ಲಿ ಎರಡು ಐಸಿಗಳ ನಂಬರ್ ಉಜ್ಜಿ ಅಳಿಸಿದ್ದರು. ಯಾರೂ ಕಾಪಿ ಹೊಡೆಯಬಾರದು ಅಂತ ಆಗಿನ ತಯಾರಕರು ಹಾಗೆ ಮಾಡುತ್ತಿದ್ದರಂತೆ. ನಾನು ಒಂದು ವಾರ ಡೇಟಾಶೀಟ್ ಇಟ್ಟುಕೊಂಡು ತಲೆ ಕೆರೆದುಕೊಂಡಿದ್ದೆ. ಅವರು ಕನ್ನಡಕ ಏರಿಸಿ ಎರಡು ನಿಮಿಷ ನೋಡಿ, ಮಲ್ಟಿಮೀಟರ್ ಮುಳ್ಳು ಮೂರು ಕಡೆ ಇಟ್ಟು, "ಇದು ಟ್ರಿಪಲ್ ಫೈವ್ ಕಣಪ್ಪಾ. ಇನ್ನೊಂದು ಬರೀ ಡಿವೈಡರು. ಅದಲ್ಲ ನಿನ್ನ ತೊಂದರೆ, ಈ ಕೆಪಾಸಿಟರ್ ಒಣಗಿದೆ ನೋಡು" ಅಂದರು. ಹತ್ತು ರೂಪಾಯಿಯ ಕೆಪಾಸಿಟರ್. ಪಕ್ಕದಲ್ಲಿದ್ದ ಟ್ರಾನ್ಸಿಸ್ಟರ್ ಒಂದನ್ನು ತೋರಿಸಿ, "ಇದು ನಮ್ಮ ಬಿಇಎಲ್‌ದು, ಇಲ್ಲೇ ಜಾಲಹಳ್ಳೀಲಿ ಮಾಡ್ತಿದ್ದದ್ದು. ತೆಗೀಬೇಡ, ಸಾಯಲ್ಲ ಅದು" ಅಂದರು.

ಎಷ್ಟು ಕೊಡಲಿ ಸಾರ್ ಅಂದೆ. "ನೂರು ಕೊಡು. ಇದನ್ನ ರಿಪೇರಿಗೆ ತರೋರೇ ಇಲ್ಲ ಈಗ. ಇನ್ನೂರು ಅಂದ್ರೆ, ಯಾಕೆ ಸಾರ್, ಹೊಸದೇ ತಗೋತೀವಿ ಅಂತಾರೆ. ಅಂಗಡಿ ಈ ದೀಪಾವಳಿ ತನಕ, ಆಮೇಲೆ ಮಗಳ ಮನೆಗೆ ಹೋಗ್ತೀನಿ" ಅಂದರು.

ಉಜ್ಜಿ ಅಳಿಸಿದ ಆ ನಂಬರುಗಳು ಇರುವುದು ಅವರ ತಲೆಯಲ್ಲಿ ಮಾತ್ರ. ಜೂನೋ-106 ಕೆಟ್ಟರೆ ಅದರ ಸರ್ವಿಸ್ ಮ್ಯಾನುಯಲ್ ಇದೆ, ಅದರ ಕೈಕೊಡುವ 80017ಎ ಚಿಪ್ಪಿಗೆ ಹೊಸ ಬದಲಿ ಚಿಪ್ ಮಾಡುವವರಿದ್ದಾರೆ, ಎಪಾಕ್ಸಿ ಲೇಪನವನ್ನು ಅಸಿಟೋನಿನಲ್ಲಿ ನೆನೆಸಿ ತೆಗೆದರೆ ಎಷ್ಟೋ ಸಲ ಬದುಕುತ್ತದೆ ಅಂತ ಹೇಳುವ ನೂರು ವಿಡಿಯೋ ಇವೆ. ನಮ್ಮ ಪೆಟ್ಟಿಗೆಗಳ ಸರ್ಕ್ಯೂಟ್ ಬರೆದಿಟ್ಟವರನ್ನು ನಾನು ಹುಡುಕಿ ಸುಸ್ತಾದೆ. ಅದಕ್ಕೇ ಈಗ ನಾಲ್ಕು ಶನಿವಾರಗಳಿಂದ ಅವರ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ನನ್ನ ಪೆಟ್ಟಿಗೆಯ ಸರ್ಕ್ಯೂಟನ್ನು ಒಂದೊಂದೇ ಗೆರೆಯಾಗಿ ಬರೆದುಕೊಳ್ಳುತ್ತಿದ್ದೇನೆ. ನಡುವೆ ಎರಡು ಕಾಫಿ, ಒಂದು ಬೈಗುಳ. ಪಂಚಮದ ಭಾಗ ಮುಗಿದಿದೆ, ಮೀಟುವ ಸರದಿಯ ಭಾಗ ಇನ್ನೂ ಬಾಕಿ.

ಕೊಳ್ಳುವವರಿಗೆ, ಮಾರುವವರಿಗೆ ನನಗೆ ತಿಳಿದ ಕೆಲವು ವಿಷಯ. ಜಪಾನಿನಿಂದ ಹಳೇ ಸಿಂಥಸೈಜರ್ ತರಿಸಿದರೆ ಹಿಂಭಾಗದಲ್ಲಿ 100 ವೋಲ್ಟ್ ಅಂತ ಬರೆದಿದೆಯಾ ನೋಡಿ. ಇದ್ದರೆ ನಮ್ಮ 230ಕ್ಕೆ ನೇರ ಚುಚ್ಚಿದ ಕ್ಷಣವೇ ಹೊಗೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಮೊದಲು, ವಾದ್ಯ ಆಮೇಲೆ. ಜೂನೋ-106 ನೋಡಲು ಹೋದರೆ ಒಂದೇ ಕೀಲಿಯನ್ನು ಬಿಟ್ಟು ಬಿಟ್ಟು ಹನ್ನೆರಡು ಸಲ ಒತ್ತಿ. ಒಳಗೆ ಆರು ದನಿಗಳಿವೆ, ಸರದಿಯಲ್ಲಿ ಬರುತ್ತವೆ, ಯಾವುದಾದರೂ ಒಂದು ಮಂಕಾಗಿದ್ದರೆ ಅಥವಾ ಚಟಚಟ ಅಂದರೆ ಅಲ್ಲೇ ಗೊತ್ತಾಗುತ್ತದೆ. ಮಾರುವವರು ಅರ್ಜೆಂಟ್ ಮಾಡಿದರೆ ಇನ್ನೂ ಹನ್ನೆರಡು ಸಲ ಒತ್ತಿ. ಶ್ರುತಿಪೆಟ್ಟಿಗೆ ಸತ್ತಿದೆ ಅಂತ ಅಂದುಕೊಂಡದ್ದರಲ್ಲಿ ಬಹಳಷ್ಟು ಸತ್ತಿರುವುದಿಲ್ಲ. ಗುಂಡಿ ತಿರುಗಿಸಿದರೆ ಗರಗರ ಅನ್ನುತ್ತಿದ್ದರೆ ಅದು ಧೂಳು, ಎಸ್‌ಪಿ ರಸ್ತೆಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಸಾಕು. ಗುಂಯ್ ಜೊತೆ ಬುರ್ರ್ ಅನ್ನುವ ಕರೆಂಟಿನ ದನಿ ಸೇರಿದ್ದರೆ ಪವರ್ ಸಪ್ಲೈನ ಕೆಪಾಸಿಟರ್ ಒಣಗಿರಬಹುದು. ಶೆಲ್ಲು ಹಾಕುವ ಮಾದರಿ ಇದ್ದು ಅಟ್ಟದಲ್ಲಿಟ್ಟಿದ್ದರೆ, ದಯವಿಟ್ಟು ಇವತ್ತೇ ಶೆಲ್ಲು ತೆಗೆಯಿರಿ. ಸೋರಿದ ಶೆಲ್ಲಿನಷ್ಟು ಪೆಟ್ಟಿಗೆ ಕೊಂದದ್ದು ಬೇರೆ ಯಾವುದೂ ಇಲ್ಲ ಅಂತಾರೆ ನಮ್ಮ ಹಿರಿಯರು.

ನಿಮ್ಮ ಅಟ್ಟದಲ್ಲೂ ಒಂದು ಇರಬಹುದು. ಇದ್ದರೆ ಗುಜರಿಗೆ ಕೊಡುವ ಮೊದಲು ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಬೋರ್ಡಿನ ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ದೀಪಾವಳಿಗೆ ಮುಂಚೆ ಆದರೆ ಅವರಿಗೇ ತೋರಿಸಿ ಕೇಳಬಹುದು. ಪ್ಲಗ್ ಕಿತ್ತ ಮೇಲೆ ಬಿಚ್ಚಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೆ? :-)